ಹನ್ನೆರಡು ಪ್ರಾಣಿಗಳು, ಒಂದು ಆಲ್ಬಮ್



ಕೈಗೆ ಸಿಗುವ ಹಾಗೆ ಪೆನ್ನು, ಕಾಗದ ಇದ್ದರೆ ತೆಗೆದುಕೊಳ್ಳಿ. ನೀವು ಹುಟ್ಟಿದ ಇಸವಿಯನ್ನು ಹನ್ನೆರಡರಿಂದ ಭಾಗಿಸಿ. ಏನೂ ಉಳಿಯದಿದ್ದರೆ, ಚೀನೀಯರ ಲೆಕ್ಕದಲ್ಲಿ ನೀವು ಕೋತಿ ವರ್ಷದವರು. ಒಂದು ಉಳಿದರೆ ಹುಂಜ, ಎರಡು ನಾಯಿ, ಮೂರು ಹಂದಿ, ನಾಲ್ಕು ಇಲಿ, ಐದು ಎತ್ತು, ಆರು ಹುಲಿ, ಏಳು ಮೊಲ, ಎಂಟು ಡ್ರ್ಯಾಗನ್, ಒಂಬತ್ತು ಹಾವು, ಹತ್ತು ಕುದುರೆ, ಹನ್ನೊಂದು ಕುರಿ. ಜನವರಿಯಲ್ಲೋ ಫೆಬ್ರವರಿಯ ಮೊದಲ ಮೂರು ವಾರಗಳಲ್ಲೋ ಹುಟ್ಟಿದವರು ಸ್ವಲ್ಪ ತಾಳಿ. ನಮ್ಮ ಯುಗಾದಿಯ ಹಾಗೆ ಅವರ ಹೊಸ ವರ್ಷದ ದಿನವೂ ಚಂದ್ರನನ್ನು ನೋಡಿಕೊಂಡು ಬದಲಾಗುತ್ತದೆ. ನಿಮ್ಮದು ಹಿಂದಿನ ವರ್ಷದ ಪ್ರಾಣಿಯೂ ಆಗಿರಬಹುದು.

ಈ ಲೆಕ್ಕ ನಮಗೆ ತೀರಾ ಹೊಸದೂ ಅಲ್ಲ. ಪ್ರಭವ, ವಿಭವ ಎಂದು ನಮಗೆ ಅರವತ್ತು ಸಂವತ್ಸರಗಳ ಚಕ್ರ ಇರುವಂತೆ ಅವರಿಗೂ ಅರವತ್ತರ ಚಕ್ರ ಇದೆ. ಅದರೊಳಗೆ ಈ ಹನ್ನೆರಡು ಪ್ರಾಣಿಗಳು ಐದು ಸಲ ಸುತ್ತು ಹಾಕುತ್ತವೆ.

ಈ ಪ್ರಾಣಿಗಳು ಅಂಚೆಚೀಟಿಗೆ ಬಂದದ್ದು ಮೊದಲು ಚೀನಾದಲ್ಲಲ್ಲ. ಜಪಾನು 1950ರಲ್ಲೇ ಹುಲಿಯ ಚೀಟಿ ತಂದಿತ್ತು. ಬ್ರಿಟಿಷರ ಆಳ್ವಿಕೆಯಲ್ಲಿದ್ದ ಹಾಂಗ್‌ಕಾಂಗ್ 1967ರಲ್ಲಿ ಕುರಿಯಿಂದ ಶುರು ಮಾಡಿತು. ಚೀನಾದಲ್ಲಿ ಅವು 1966ರಿಂದ 1976ರವರೆಗಿನ ಸಾಂಸ್ಕೃತಿಕ ಕ್ರಾಂತಿಯ ವರ್ಷಗಳು. ಹಳೆಯ ಆಚರಣೆಗಳೆಲ್ಲ ಮೌಢ್ಯ ಎನಿಸಿಕೊಂಡಿದ್ದವು. ಚಿತ್ರಕಾರ ಹುವಾಂಗ್ ಯೊಂಗ್ಯು ಒಂದು ಕಣ್ಣು ಮುಚ್ಚಿದ ಗೂಬೆಯನ್ನು ಬರೆದಿದ್ದರು. ಅದು ಸರ್ಕಾರವನ್ನು ಅಣಕಿಸುವ ಚಿತ್ರ ಎಂದು 1974ರಲ್ಲಿ ಅವರ ಮೇಲೆ ದೊಡ್ಡ ಆಪಾದನೆ ಬಂತು.

ಆರೇ ವರ್ಷದಲ್ಲಿ ಗಾಳಿ ತಿರುಗಿತು. 1980ರ ಫೆಬ್ರವರಿ 15ರಂದು ಚೀನಾ ತನ್ನ ಮೊದಲ ಪ್ರಾಣಿವರ್ಷದ ಚೀಟಿ ಹೊರತಂದಿತು. ಕೆಂಪು ನೆಲದ ಮೇಲೆ ಕೂತ ಕೋತಿ, ಬೆಲೆ ಎಂಟು ಫೆನ್. ಚಿತ್ರ ಬರೆದವರು ಅದೇ ಹುವಾಂಗ್! ಒಂದು ಹಾಳೆಯಲ್ಲಿ ಎಂಬತ್ತು ಚೀಟಿ, ಇಡೀ ಹಾಳೆಗೆ ಆರು ಯುವಾನ್ ನಲವತ್ತು ಫೆನ್. ಮುಂದೆ ಹರಾಜಿನಲ್ಲಿ ಇಂಥ ಒಂದು ಹಾಳೆ ಹತ್ತು ಲಕ್ಷ ಯುವಾನ್ ದಾಟಿದ್ದುಂಟು.

ಈ ಬೆಲೆ ಕೇಳಿ ನಿಮ್ಮಲ್ಲಿ ಕೆಲವರ ಕಿವಿ ನೆಟ್ಟಗಾಗಿರಬೇಕು. ಆದರೆ ಆ ಕೋತಿಗೆ ಬೆಲೆ ಬಂದದ್ದು ಜನ ಅದನ್ನು ಹಣ ಎಂದು ಕೂಡಿಡದೆ ಕಾಗದಕ್ಕೆ ಅಂಟಿಸಿ ಕಳಿಸಿಬಿಟ್ಟದ್ದರಿಂದ. ಆಮೇಲೆ ಬಂದ ಪ್ರಾಣಿಗಳನ್ನು ಎಲ್ಲರೂ ಕೂಡಿಟ್ಟರು. ಎಲ್ಲರ ಮನೆಯಲ್ಲೂ ಇರುವ ಚೀಟಿಗೆ ಬೆಲೆ ಎಲ್ಲಿಂದ ಬರಬೇಕು? ಹಾಗಾಗಿ ಮಗಳ ಮದುವೆ ಖರ್ಚಿಗೆ ಆಗುತ್ತದೆ ಎಂದು ಈ ಹವ್ಯಾಸ ಹಿಡಿಯಬೇಡಿ. ಮೂಲ ಕೋತಿ ಎಂದು ಯಾರಾದರೂ ಅಗ್ಗಕ್ಕೆ ಕೊಟ್ಟರೆ ಭೂತಗನ್ನಡಿ ಹಿಡಿದು ನೋಡಿ. ಅಸಲಿಯಲ್ಲಿ ಮೈಕೂದಲಿನ ಗೆರೆಗಳು ಕೊರೆದ ಅಚ್ಚಿನಿಂದ ಮೂಡಿದ್ದು, ಬಿಡಿಬಿಡಿಯಾಗಿ ಕಾಣುತ್ತವೆ. ಬರೀ ಚುಕ್ಕಿಗಳೇ ಕಂಡರೆ ಕೊಳ್ಳಬೇಡಿ.

ಹಾಗಾದರೆ ಈ ಚೀಟಿಗಳಲ್ಲಿ ಏನಿದೆ? ಅಮೆರಿಕದ ಹುಂಜವನ್ನು ನೋಡಿ. ಅಮೆರಿಕದ ಉದ್ದಕ್ಕೂ ರೈಲು ಹಳಿ ಹಾಕಿದವರಲ್ಲಿ ಸಾವಿರಾರು ಚೀನೀ ಕೂಲಿಗಳಿದ್ದರು. 1869ರಲ್ಲಿ ಆ ದಾರಿ ಮುಗಿಯಿತು. 1882ರಲ್ಲಿ ಅದೇ ದೇಶ, ಚೀನೀ ಕೆಲಸಗಾರರು ಇನ್ನು ಬರಕೂಡದು ಎಂದು ಕಾನೂನು ಮಾಡಿತು. ಅದು ರದ್ದಾದದ್ದು 1943ರಲ್ಲಿ. ಅಲ್ಲಿ ನೆಲೆನಿಂತ ಚೀನೀಯರು ಆಮೇಲೆ ಅಂಚೆ ಇಲಾಖೆಯ ಬೆನ್ನು ಹತ್ತಿ, ನಮ್ಮ ಗುರುತೊಂದು ಚೀಟಿಯ ಮೇಲೆ ಇರಲಿ ಎಂದು ಕೇಳುತ್ತಾ ಬಂದರು. 1992ರ ಡಿಸೆಂಬರ್ 30ರಂದು 29 ಸೆಂಟಿನ ಹುಂಜದ ಚೀಟಿ ಬಂತು. ಕಾಗದ ಕತ್ತರಿಸಿ ಮಾಡುವ ಚಿತ್ರದಂತೆ ಅದನ್ನು ರೂಪಿಸಿದವರು ಹವಾಯಿಯ ಕ್ಲಾರೆನ್ಸ್ ಲೀ. ಒಂದೇ ಚೀಟಿಗೆ ನಿಲ್ಲದೆ ಹನ್ನೆರಡೂ ಪ್ರಾಣಿಗಳು ಬಂದವು, ಮತ್ತೆ ಎರಡನೆಯ ಸುತ್ತು, ಮೂರನೆಯ ಸುತ್ತೂ ಶುರುವಾಯಿತು.

ಮುಂಬಯಿಯಲ್ಲೋ ಚೆನ್ನೈಯಲ್ಲೋ ದೆಹಲಿಯಲ್ಲೋ ಕೂತು ಬೇವು ಬೆಲ್ಲ ಹುಡುಕುವ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಬಂದ ಊರಿನವರು ನಮ್ಮ ಹಬ್ಬವನ್ನು ಹೆಸರು ಹಿಡಿದು ಗುರುತಿಸಿದರೆ ಆಗುವ ಸಂತೋಷ ಬೇರೆಯೇ.

ಇನ್ನೊಂದು ಜೋಡಿ ಹೇಳುತ್ತೇನೆ. 2023ರಲ್ಲಿ ಚೀನಾ ಮೊಲದ ಚೀಟಿ ತಂದಿತು. ವಿಯೆಟ್ನಾಮ್ ಬೆಕ್ಕಿನ ಚೀಟಿ ತಂದಿತು. ವಿಯೆಟ್ನಾಮಿನವರ ಲೆಕ್ಕದಲ್ಲಿ ಮೊಲದ ಜಾಗದಲ್ಲಿ ಬೆಕ್ಕು ಕೂತಿದೆ. ಚೀನಾದ ಆ ನೀಲಿ ಮೊಲವನ್ನು ಬರೆದವರೂ ಹುವಾಂಗ್ ಅವರೇ. ಕೆಂಪು ಕಣ್ಣಿನ ಅದು ಹೆದರಿಸುವಂತಿದೆ ಎಂದು ಬಹಳ ಜನ ಬೈದರು. ಅದೇ ವರ್ಷ ಜೂನ್‌ನಲ್ಲಿ, 98ರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಆ ಎರಡು ಚೀಟಿಗಳನ್ನು ಅಕ್ಕಪಕ್ಕ ಇಟ್ಟರೆ ನೆರೆಹೊರೆಯವರ ಒಂದು ಹಳೆಯ ವ್ಯತ್ಯಾಸವೇ ಕಣ್ಣಮುಂದೆ ಬರುತ್ತದೆ.

ಶುರು ಮಾಡುವವರಿಗೆ ನನ್ನ ಸಲಹೆ ಇಷ್ಟು. ಎಲ್ಲ ದೇಶಗಳ ಹಿಂದೆ ಓಡಬೇಡಿ. ಸಂಗ್ರಹಕಾರರ ಜೇಬು ನೋಡಿಕೊಂಡೇ ಚೀಟಿ ಅಚ್ಚುಹಾಕುವ ದೇಶಗಳೂ ಇವೆ. ಮೊದಲು ನಿಮ್ಮ ಮನೆಮಂದಿಯ ಪ್ರಾಣಿಗಳನ್ನಷ್ಟೇ ಕೂಡಿಸಿ. ಅಮ್ಮನ ಹುಲಿ, ಮಗನ ಇಲಿ ಸಾಕು. ಮುದ್ರೆ ಬಿದ್ದ ಚೀಟಿಯಾದರೂ ಅಡ್ಡಿಯಿಲ್ಲ, ಅದು ಅಗ್ಗ, ಮೇಲಾಗಿ ಪ್ರಯಾಣ ಮಾಡಿ ಬಂದದ್ದು. ಬೆರಳಿನಿಂದ ಮುಟ್ಟದೆ ಚಿಮುಟದಿಂದ ಎತ್ತಿ. ಆಲ್ಬಮ್ಮಿಗೆ ಗೋಂದು ಹಾಕಿ ಅಂಟಿಸಲೇಬೇಡಿ, ಜೇಬಿರುವ ಹಾಳೆಗಳಲ್ಲಿ ಇಡಿ. ಮುಂಬಯಿ, ಚೆನ್ನೈಯ ತೇವದ ಹವೆಯಲ್ಲಿ ಚೀಟಿಯ ಹಿಂದಿನ ಅಂಟು ಕರಗಿ ಹಾಳೆಗೆ ಕಚ್ಚಿಕೊಳ್ಳುತ್ತದೆ. ಆಲ್ಬಮನ್ನು ನೆಟ್ಟಗೆ ನಿಲ್ಲಿಸಿ, ಮಳೆಗಾಲದಲ್ಲಿ ಆಗಾಗ ತೆರೆದು ಗಾಳಿಯಾಡಿಸಿ.

ಭಾರತೀಯ ಅಂಚೆ ಇಲಾಖೆ 2010ರಲ್ಲಿ ಮೇಷ, ವೃಷಭ ಎಂದು ಹನ್ನೆರಡು ರಾಶಿಗಳ ಚೀಟಿ ತಂದಿದೆ. ಚೀನೀ ಪ್ರಾಣಿಗಳ ಎದುರು ಪುಟದಲ್ಲಿ ಅವನ್ನಿಡಿ. ಅವರದು ವರ್ಷದ ಲೆಕ್ಕ, ನಮ್ಮದು ರಾಶಿಯ ಲೆಕ್ಕ, ಎರಡಕ್ಕೂ ಹನ್ನೆರಡೇ ಮನೆ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರ ಇಸವಿಯನ್ನೂ ಭಾಗಿಸಲು ಹೇಳಿ. ಮುಂದಿನ ಭಾನುವಾರದ ಬೆಳಿಗ್ಗೆ ಹೇಗೆ ಕಳೆಯಿತು ಎಂದೇ ತಿಳಿಯುವುದಿಲ್ಲ.