ಲಂಕೆಯ ದಡದಲ್ಲಿ ಮೊದಲ ದಿನಗಳು

(ಶತಮಾನೋತ್ಸವದ ಸಿದ್ಧತೆಗಾಗಿ ನಡೆದ ಮೂರು ದಿನಗಳ ಪ್ರಾರ್ಥನಾಕೂಟದ ಎರಡನೆಯ ಸಂಜೆ ಧರ್ಮಕೇಂದ್ರದ ಗುರುಗಳು ನೀಡಿದ ಪ್ರವಚನ)



ಧರ್ಮಪ್ರಚಾರಕರ ವಿಷಯವಾಗಿ ಈ ಸಂಜೆ ನಾಲ್ಕು ಮಾತುಗಳನ್ನಾಡಬೇಕೆಂದು ಶತಮಾನೋತ್ಸವ ಸಮಿತಿಯವರು ನಮ್ಮನ್ನು ಕೇಳಿಕೊಂಡಿದ್ದಾರೆ. ಧರ್ಮಪ್ರಚಾರಕರೆಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ಉದ್ದ ಗಡ್ಡದ, ಬಿಳಿಯ ನಿಲುವಂಗಿಯ, ಹಡಗಿನಿಂದಿಳಿದು ಬಂದ ಐರೋಪ್ಯ ಗುರುಗಳ ಚಿತ್ರ. ಅವರ ಋಣ ನಮ್ಮ ಮೇಲಿದೆ; ಅದನ್ನು ಮರೆಯುವುದು ಕೃತಘ್ನತೆಯಾದೀತು. ಆದರೆ ಈ ಸಂಜೆ ನಾವು ನೆನೆಯಬಯಸುವುದು ನಮ್ಮದೇ ಮೈಬಣ್ಣದ, ನಿಮ್ಮಲ್ಲಿ ಅನೇಕರು ಮನೆಯೊಳಗೆ ಆಡುವ ಕೊಂಕಣಿಯನ್ನೇ ಆಡುತ್ತಿದ್ದ ಒಬ್ಬ ಗುರುವನ್ನು. ಅವರೇ ಸಂತ ಜೋಸೆಫ್ ವಾಜ್. ಅವರ ಇಡೀ ಜೀವನವನ್ನು ಹೇಳಲು ಒಂದು ಸಂಜೆ ಸಾಲದು. ಪರದೇಶದ ನೆಲದಲ್ಲಿ ಅವರು ಕಳೆದ ಮೊದಲ ಕೆಲವು ದಿನಗಳನ್ನಷ್ಟೇ ನಿಮ್ಮ ಮುಂದಿಡುತ್ತೇವೆ.

ಗೋವೆಯ ಬಾಣಾವಳಿಯಲ್ಲಿ 1651ರ ಏಪ್ರಿಲ್ 21ರಂದು ಹುಟ್ಟಿದ ಈ ಬಾಲಕ 1676ರಲ್ಲಿ ಗುರುದೀಕ್ಷೆ ಪಡೆದನು. ದೀಕ್ಷೆಯ ಬಳಿಕ ಬಡವರಂತೆ ಬದುಕಬೇಕೆಂದು ಪಾದರಕ್ಷೆಯನ್ನೂ ತೊರೆದರೆಂದು ಚರಿತ್ರಕಾರರು ಬರೆದಿದ್ದಾರೆ. ಲಂಕೆಗೆ ಹೋಗಬೇಕೆಂಬ ಹಂಬಲ ಅವರಲ್ಲಿ ಆಗಲೇ ಮೊಳೆತಿತ್ತು. ಆದರೆ ಹಿರಿಯರು ಅವರನ್ನು 1681ರಲ್ಲಿ ಕಳುಹಿಸಿದ್ದು ನಮ್ಮ ಕೆನರಾ ಸೀಮೆಗೆ. ಕೆಳದಿಯ ರಾಣಿ ಚೆನ್ನಮ್ಮಾಜಿ ಆಳುತ್ತಿದ್ದ ಕಾಲವದು. ಪೋರ್ಚುಗೀಸ್ ಅರಸನ ಹಕ್ಕಿನ ಗುರುಗಳು ಒಂದು ಕಡೆ, ರೋಮ್ ನೇರವಾಗಿ ನೇಮಿಸಿದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಇನ್ನೊಂದು ಕಡೆ. ಯಾರ ಕೈಯಿಂದ ಸಂಸ್ಕಾರ ಪಡೆದರೆ ಸಲ್ಲುತ್ತದೆಂದು ತಿಳಿಯದೆ ಜನರು ತಳಮಳಿಸುತ್ತಿದ್ದರು. ಮೂವತ್ತರ ಪ್ರಾಯದ ಈ ಗುರು ಅಲ್ಲಿ ವಾದವನ್ನು ಬೆಳೆಸಲಿಲ್ಲ. ಆ ಧರ್ಮಾಧ್ಯಕ್ಷರ ಬಳಿಗೆ ಹೋಗಿ ಮಾತನಾಡಿ ದಾರಿ ಹುಡುಕಿದರು. ಮಂಗಳೂರು, ಬಸರೂರು, ಕುಂದಾಪುರ, ಗಂಗೊಳ್ಳಿ, ಹೊನ್ನಾವರಗಳ ದಾರಿಗಳಲ್ಲಿ ಬರಿಗಾಲಿನಲ್ಲಿ ನಡೆದರು. ಮುಡಿಪುವಿನ ಗುಡ್ಡದ ಮೇಲಿರುವ ಅವರ ಪುಣ್ಯಕ್ಷೇತ್ರಕ್ಕೆ ನಿಮ್ಮಲ್ಲಿ ಬಹುಮಂದಿ ಹೋಗಿ ಬಂದವರೇ. ನಾವು ಗುರುಮಠದಲ್ಲಿ ಓದುತ್ತಿದ್ದಾಗ ಅವರಿನ್ನೂ ಪುನೀತರ ಪಟ್ಟಿಗೇ ಸೇರಿರಲಿಲ್ಲ. ಐರೋಪ್ಯ ಸಂತರ ಚರಿತ್ರೆಗಳು ನಮಗೆ ಬಾಯಿಪಾಠವಾಗಿದ್ದವು. ನಮ್ಮ ಮನೆಯ ಹಿತ್ತಿಲಲ್ಲೇ ನಡೆದು ಹೋದವರ ಕಥೆ ಮಾತ್ರ ಒಂದೆರಡು ಪುಟಗಳಲ್ಲಿ ಮುಗಿಯುತ್ತಿತ್ತು.

ಇನ್ನು ಲಂಕೆಯ ವಿಷಯ. ಡಚ್ಚರು 1656ರಲ್ಲಿ ಕೊಲಂಬೊ ನಗರವನ್ನೂ 1658ರಲ್ಲಿ ಜಾಫ್ನಾವನ್ನೂ ಪೋರ್ಚುಗೀಸರಿಂದ ಕಸಿದುಕೊಂಡರು. ಅವರದು ಕ್ಯಾಲ್ವಿನ್ ಪಂಥ. ಕಥೋಲಿಕ ಗುರುಗಳನ್ನು ಹೊರಗಟ್ಟಿದರು, ದೇವಾಲಯಗಳನ್ನು ತಮ್ಮದಾಗಿಸಿಕೊಂಡರು. ಗುರುವೊಬ್ಬನಿಗೆ ಆಶ್ರಯ ಕೊಟ್ಟವರಿಗೆ ಮರಣದಂಡನೆಯೆಂದು 1658ರಲ್ಲೇ ಡಂಗುರ ಸಾರಿದರು. ಮಗುವಿನ ಜ್ಞಾನಸ್ನಾನವಾಗಲಿ, ಮದುವೆಯಾಗಲಿ, ಅವರ ದೇವಾಲಯದಲ್ಲೇ ನಡೆದು ಅವರ ದಫ್ತರದಲ್ಲೇ ದಾಖಲಾಗಬೇಕು. ಹೀಗಾಗಿ ಜನರು ಹಗಲಿನಲ್ಲಿ ಒಂದು ಬಾಳು, ಇರುಳಿನಲ್ಲಿ ಇನ್ನೊಂದು ಬಾಳು ಬಾಳತೊಡಗಿದರು. ಹೊರಗೆ ಸರಕಾರದ ಪ್ರಾರ್ಥನೆ; ಮನೆಯ ಬಾಗಿಲು ಮುಚ್ಚಿದ ಮೇಲೆ ಅಜ್ಜಿ ಕಲಿಸಿದ ಜಪಸರ. ಸುಮಾರು 30 ವರ್ಷ ಒಂದು ಬಲಿಪೂಜೆಯಿಲ್ಲ, ಒಂದು ಪಾಪನಿವೇದನೆಯಿಲ್ಲ, ಸಾಯುವವರ ಹಣೆಗೆ ಪವಿತ್ರ ತೈಲವಿಲ್ಲ. ಮಳೆಗಾಲದಲ್ಲಿ ಎರಡು ವಾರ ಪೂಜೆ ತಪ್ಪಿದರೆ ಗುರುಮನೆಗೆ ದೂರು ತರುವ ನಮ್ಮ ಹಿರಿಯರು ಈ 30 ವರ್ಷದ ಲೆಕ್ಕವನ್ನು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಬೇಕು. (ದೂರು ತರಬಾರದೆಂದು ನಾವು ಹೇಳುತ್ತಿಲ್ಲ, ತನ್ನಿ.)

ಅಂತಹ ದ್ವೀಪದೊಳಗೆ ಐರೋಪ್ಯ ಗುರುವೊಬ್ಬ ಕಾಲಿಡುವುದು ಸಾಧ್ಯವೇ ಇರಲಿಲ್ಲ. ದಡದಲ್ಲಿ ನಿಂತ ಮೊದಲ ಕಾವಲುಗಾರನೇ ಅವನನ್ನು ಹಿಡಿಯುತ್ತಿದ್ದನು. ಇಲ್ಲಿ ಒಂದು ವಿಚಿತ್ರವನ್ನು ಗಮನಿಸಿರಿ. ಗೋವೆಯಲ್ಲಿ ಆ ದಿನಗಳಲ್ಲಿ ನಾಡಿಗ ಗುರುಗಳೆಂದರೆ ಎರಡನೆಯ ದರ್ಜೆಯವರು. ಐರೋಪ್ಯ ಸನ್ಯಾಸಿ ಸಭೆಗಳು ಸಾಮಾನ್ಯವಾಗಿ ಅವರನ್ನು ಒಳಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಅದರಿಂದಲೇ 1685ರಲ್ಲಿ ಜೋಸೆಫ್ ವಾಜ್ ಗೋವೆಯ ನಾಡಿಗ ಗುರುಗಳ ಒಂದು ಪುಟ್ಟ ಕೂಟವನ್ನು ಸೇರಿ ಅದನ್ನು ಒರಟೋರಿಯೊ ಸಭೆಯಾಗಿ ಕಟ್ಟಿದರು. ಯಾವ ಮೈಬಣ್ಣ ಅವರನ್ನು ಗೋವೆಯಲ್ಲಿ ಬಾಗಿಲ ಹೊರಗೆ ನಿಲ್ಲಿಸಿತ್ತೋ ಅದೇ ಬಣ್ಣ ಲಂಕೆಯ ಬಾಗಿಲನ್ನು ದಾಟಿಸಿತು. ಕೂಲಿಯವನ ವೇಷ ಹಾಕಿದರೆ ಅವರನ್ನು ಯಾರೂ ಎರಡನೆಯ ಸಲ ತಿರುಗಿ ನೋಡುವಂತಿರಲಿಲ್ಲ.

1686ರಲ್ಲಿ ಜಾನ್ ಎಂಬ ಯುವಕನನ್ನು ಜೊತೆಗೆ ಕರೆದುಕೊಂಡು ಅವರು ಗೋವೆಯನ್ನು ಬಿಟ್ಟರು. ತೂತ್ತುಕುಡಿಯವರೆಗೆ ಒಂದು ಪ್ರಯಾಣ. ಅಲ್ಲಿಂದ 1687ರಲ್ಲಿ ದೋಣಿ. ಸೊಂಟಕ್ಕೊಂದು ತುಂಡು ಬಟ್ಟೆ, ಗಂಟಿನಲ್ಲಿ ಬಲಿಪೂಜೆಗೆ ಬೇಕಾದ ಅಲ್ಪ ಸಾಮಗ್ರಿ. ಸಮುದ್ರ ಅವರಿಗೆ ದಾಕ್ಷಿಣ್ಯ ತೋರಲಿಲ್ಲ. ಬಿರುಗಾಳಿಗೆ ಸಿಕ್ಕಿ ದೋಣಿ ದಾರಿ ತಪ್ಪಿತು. ಅನ್ನ ನೀರು ತೀರಿತು. ಮನ್ನಾರಿನ ದಡವನ್ನು ಮುಟ್ಟಿ ಅಲ್ಲಿಂದ ಜಾಫ್ನಾವನ್ನು ಸೇರುವಷ್ಟರಲ್ಲಿ ಇಬ್ಬರ ದೇಹವೂ ಸೋತುಹೋಗಿತ್ತು.

ಇದೀಗ ಆ ಮೊದಲ ದಿನಗಳು. ಹೊಸ ನಾಡಿಗೆ ಹೋಗುವ ಯುವ ಗುರುವಿನ ಮನಸ್ಸಿನಲ್ಲಿ ಏನೇನಿರುತ್ತದೆಂಬುದು ನಮಗೆ ಗೊತ್ತಿದೆ. ಮೊದಲ ಭಾನುವಾರದ ಪ್ರಸಂಗ ಏನಿರಬೇಕು, ಯಾರನ್ನು ಮೊದಲು ಕಾಣಬೇಕು, ಮಕ್ಕಳಿಗೆ ಧರ್ಮೋಪದೇಶ ಎಲ್ಲಿಂದ ಆರಂಭಿಸಬೇಕು, ಹೀಗೆ ನೂರು ಯೋಜನೆಗಳು. ಜೋಸೆಫ್ ವಾಜರ ಯೋಜನೆಗಳೆಲ್ಲ ಜಾಫ್ನಾದ ದಡದಲ್ಲಿ ರಕ್ತಭೇದಿಯ ಪಾಲಾದವು. ಆತಿಸಾರ ಹಿಡಿದು ಗುರುವೂ ಸಂಗಡಿಗನೂ ನೆಲ ಹಿಡಿದರು. ಸೋಂಕು ತಗಲೀತೆಂಬ ಹೆದರಿಕೆಯಿಂದ ಜನರು ಅವರನ್ನು ಊರ ಹೊರಗೆ ಹಾಕಿದರು. ಹೆಸರಿಲ್ಲದ ಇಬ್ಬರು ಕೂಲಿಗಳು. ಅವರು ಸತ್ತರೆ ಯಾರಿಗೂ ನಷ್ಟವಿರಲಿಲ್ಲ. ಅಲ್ಲಿ ಪ್ರಸಂಗವಿಲ್ಲ, ಜ್ಞಾನಸ್ನಾನವಿಲ್ಲ, ಸಂದೇಶವಿಲ್ಲ. ಇವರು ಗುರುಗಳೆಂದು ಬಲ್ಲವನು ಆ ದ್ವೀಪದಲ್ಲಿ ಒಬ್ಬನೇ, ಅವನೂ ಪಕ್ಕದಲ್ಲೇ ನರಳುತ್ತಾ ಮಲಗಿದ್ದನು.

ಆಗ ಒಬ್ಬ ಹೆಂಗಸು ಬಂದಳೆಂದು ಜೀವನಚರಿತ್ರೆಗಳು ಹೇಳುತ್ತವೆ. ಅವರನ್ನು ಕಂಡು ಮರುಗಿ ದಿನವೂ ಗಂಜಿ ತಂದುಕೊಟ್ಟಳು. ಆಕೆಗೆ ಕಥೆಯಲ್ಲಿ ಹೆಸರಿಲ್ಲ. ಗಂಜಿಯೆಂದರೆ ಏನೆಂದು ನಿಮಗೆ ವಿವರಿಸಬೇಕಾಗಿಲ್ಲ. ಅದು ಔತಣವಲ್ಲ, ಇದ್ದುದರಲ್ಲಿ ಒಂದು ಹಿಡಿ ಅಕ್ಕಿ, ಹೆಚ್ಚು ನೀರು, ಒಂದು ಚಿಟಿಕೆ ಉಪ್ಪು. ಆ ನೀರೂ ಉಪ್ಪೂ ಅತಿಸಾರದವನಿಗೆ ಔಷಧವೇ ಎಂದು ಇಂದಿನ ವೈದ್ಯರೂ ಒಪ್ಪುತ್ತಾರೆ. ಆಕೆ ಯಾವ ಮತದವಳೆಂದು ಕಥೆ ವಿಚಾರಿಸುವುದಿಲ್ಲ. ಆಕೆಯೂ ಅವರನ್ನು ವಿಚಾರಿಸಿದಂತೆ ಕಾಣುವುದಿಲ್ಲ. ಲಂಕೆಯ ಪ್ರೇಷಿತರೆಂದು ಧರ್ಮಸಭೆ ಇಂದು ಕೊಂಡಾಡುವ ಸಂತರು ಆ ದ್ವೀಪಕ್ಕೆ ಏನನ್ನಾದರೂ ಕೊಡುವ ಮೊದಲು ಆ ದ್ವೀಪದ ಕೈಯಿಂದ ಪಡೆದರು. ಚೀಲವನ್ನೂ ಜೋಡನ್ನೂ ಒಯ್ಯಬೇಡಿರೆಂದು ಪ್ರಭು ತಮ್ಮ ಶಿಷ್ಯರಿಗೆ ಅಪ್ಪಣೆ ಕೊಟ್ಟುದರ ಅರ್ಥವನ್ನು ಗುರುಮಠದಲ್ಲಿ ನಮಗೆ ಹಲವು ಬಗೆಯಾಗಿ ಬೋಧಿಸಿದ್ದುಂಟು. ಆ ಹೆಂಗಸಿನ ಗಂಜಿಯ ಮಡಕೆಗಿಂತ ಒಳ್ಳೆಯ ವ್ಯಾಖ್ಯಾನ ನಮಗೆ ಇನ್ನೂ ದೊರೆತಿಲ್ಲ.

ಮೈಯಲ್ಲಿ ತ್ರಾಣ ಬಂದ ಮೇಲೆ ಅವರು ಕೈಗೊಂಡ ಕೆಲಸವೂ ವಿಚಿತ್ರವೇ. ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಯ ಮುಂದೆ ಭಿಕ್ಷೆಗೆ ನಿಂತರು. ಬಾಯಿಬಿಟ್ಟು ಹೇಳುವಂತಿಲ್ಲ, ಆಲಿಸುವವನು ಕಥೋಲಿಕನೋ ಡಚ್ಚರ ಗೂಢಚಾರನೋ ತಿಳಿಯದು. ಆದುದರಿಂದ ಭಿಕ್ಷೆ ನೀಡುವವರ ಕೈಯನ್ನು ನೋಡದೆ ಕಣ್ಣನ್ನು ನೋಡಿದರು. ಜಪಸರವನ್ನು ಕಂಡು ಮುಖ ತಿರುಗಿಸಿದವರಿದ್ದರು. ಕಂಡೂ ಕಾಣದಂತೆ ಅಕ್ಕಿ ಸುರಿದವರಿದ್ದರು. ಕೊನೆಗೆ ಆ ಮಣಿಗಳ ಮೇಲೆ ಕಣ್ಣು ನೆಟ್ಟವರು ದೊರೆತರು. ಅವರ ಭಕ್ತಿಯನ್ನು ಚೆನ್ನಾಗಿ ಪರೀಕ್ಷಿಸಿದ ಬಳಿಕವೇ ತಾವು ಗುರುವೆಂಬ ಗುಟ್ಟನ್ನು ಬಿಟ್ಟುಕೊಟ್ಟರು. ಆ ಮನೆಯವರ ಸ್ಥಿತಿಯನ್ನೂ ಯೋಚಿಸಿರಿ. ಬಾಗಿಲಲ್ಲಿ ನಿಂತವನು ನಿಜವಾಗಿಯೂ ಗುರುವಾಗಿದ್ದರೆ 30 ವರ್ಷದ ಪ್ರಾರ್ಥನೆ ಫಲಿಸಿದಂತೆ. ವಂಚಕನಾಗಿದ್ದರೆ ಇಡೀ ಕುಟುಂಬದ ಕೊರಳಿಗೆ ಹಗ್ಗ. ನಮ್ಮ ಸಂತರ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ. ಬಾಗಿಲು ತೆರೆದವರ ಧೈರ್ಯ ಅದಕ್ಕಿಂತ ಕಡಿಮೆಯದೆಂದು ನಮಗೆ ತೋರುವುದಿಲ್ಲ, ಅವರಿಗೆ ಮಕ್ಕಳಿದ್ದರು.

ಮುಂದಿನದು ಬೇಗ ಹೇಳಬಹುದಾದ ಕಥೆ. ಜಾಫ್ನಾದ ಹತ್ತಿರದ ಸಿಲ್ಲಾಲೈ ಎಂಬ ಹಳ್ಳಿ ಅವರ ನೆಲೆಯಾಯಿತು. ರಾತ್ರಿ ಪೂಜೆ, ಬೆಳಗಾಗುವ ಮುನ್ನ ಬೇರೆ ಮನೆ. 1689ರ ಕ್ರಿಸ್ತಜಯಂತಿಯ ಹೊತ್ತಿಗೆ ಡಚ್ಚರು ದಾಳಿಯಿಟ್ಟರು. ಗುರುಗಳು ತಪ್ಪಿಸಿಕೊಂಡರು, ಜನರು ಸೆರೆಯಾದರು, ಕೆಲವರು ಚಾಟಿಯೇಟು ತಿಂದರು. 1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂದು ಅವರನ್ನೇ ಸೆರೆಯಲ್ಲಿಟ್ಟರು. ಆ ನಾಡಿನ ಬೌದ್ಧ ಅರಸ ಎರಡನೆಯ ವಿಮಲಧರ್ಮಸೂರ್ಯ ಬರಬರುತ್ತಾ ಅವರ ಸತ್ಯವನ್ನು ಅರಿತು ಓಡಾಡಲು ಸ್ವಾತಂತ್ರ್ಯ ಕೊಟ್ಟನು. ಕ್ರೈಸ್ತರೆಂದು ಹೇಳಿಕೊಂಡವರು ಬೇಟೆಯಾಡಿದ ಗುರುವಿಗೆ ಬೌದ್ಧ ದೊರೆಯ ನೆರಳು ದೊರೆಯಿತು. ಇದನ್ನು ನಾವು ಹೇಳದೆ ಹೋದರೆ ಚರಿತ್ರೆಗೆ ಅನ್ಯಾಯ. ಕ್ಯಾಂಡಿಯಲ್ಲಿ ಸಿಡುಬು ಹಬ್ಬಿದಾಗ ಜನ ಬಿಟ್ಟು ಓಡಿದ ರೋಗಿಗಳನ್ನು ಅವರು ಎತ್ತಿ ಆರೈಕೆ ಮಾಡಿದರು. ಊರ ಹೊರಗೆ ಎಸೆಯಲ್ಪಟ್ಟವನಿಗೆ ಏನೆನಿಸುತ್ತದೆಂಬುದು ಅವರಿಗೆ ಮೊದಲ ವಾರದಿಂದಲೇ ಗೊತ್ತಿತ್ತಲ್ಲವೆ? 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ದೈವಾಧೀನರಾದರು. ಒಮ್ಮೆ ಹೊರಟ ಮೇಲೆ ಗೋವೆಯನ್ನು ಮತ್ತೆ ನೋಡಲಿಲ್ಲ. ಜಗದ್ಗುರು ಎರಡನೆಯ ಜಾನ್ ಪಾಲರು 1995ರ ಜನವರಿ 21ರಂದು ಅವರನ್ನು ಪುನೀತರೆಂದೂ, ಜಗದ್ಗುರು ಫ್ರಾನ್ಸಿಸರು 2015ರ ಜನವರಿ 14ರಂದು ಸಂತರೆಂದೂ ಘೋಷಿಸಿದರು. ಎರಡೂ ಕೊಲಂಬೊದಲ್ಲಿ, ಆ ನಾಡಿನ ಜನರ ಮಧ್ಯದಲ್ಲೇ.

ಈಗ ನಮ್ಮ ಧರ್ಮಕೇಂದ್ರದ ಒಂದು ಮಾತು. ಈ ದೇವಾಲಯವನ್ನು ಕಟ್ಟಿದ ಮೊದಲ ಕುಟುಂಬಗಳು ಘಟ್ಟದ ಕೆಳಗಿನಿಂದ ಕಾಫಿ ತೋಟಗಳ ಕೆಲಸಕ್ಕಾಗಿ ಗಂಟು ಹೊತ್ತು ನಡೆದು ಬಂದವರು. ಅವರ ಮೊಮ್ಮಕ್ಕಳು ಇಂದು ಮುಂದಿನ ಸಾಲಿನಲ್ಲಿ ಕುಳಿತಿದ್ದೀರಿ, ಸಂತೋಷ. ಹಿಂದಿನ ಬಾಗಿಲ ಬಳಿ, ಪೋರ್ಟಿಕೋದ ಕಂಬಗಳಿಗೆ ಒರಗಿ, ಕೆಲವು ವರ್ಷಗಳಿಂದ ಭಾನುವಾರ ಭಾನುವಾರವೂ ನಿಂತಿರುವವರು ಜಾರ್ಖಂಡ್, ಒಡಿಶಾಗಳಿಂದ ಅದೇ ತೋಟಗಳ ಕೆಲಸಕ್ಕೆ ಬಂದವರು. ಅವರಲ್ಲಿ ಹಲವರ ಕೊರಳಲ್ಲಿ ಜಪಸರವಿದೆ. ನಮ್ಮ ಕನ್ನಡ ಅವರಿಗೆ ಬಾರದು, ಅವರ ಮಾತು ನಮಗೆ ತಿಳಿಯದು. ಒಳಗೆ ಜಾಗವಿದ್ದರೂ ಅವರು ಒಳಗೆ ಬರುವುದಿಲ್ಲ. ಬನ್ನಿ ಎಂದು ಕರೆದವರನ್ನೂ ನಾವು ಹೆಚ್ಚಾಗಿ ಕಂಡಿಲ್ಲ.

ಹಳೆಯ ಶಾಲಾಕೊಠಡಿಯನ್ನು ದುರಸ್ತಿ ಮಾಡಿ ಭಾನುವಾರಗಳಂದು ಅವರ ಉಪಯೋಗಕ್ಕೆ ಬಿಟ್ಟುಕೊಡಬೇಕೆಂಬುದು ನಮ್ಮ ಅಭಿಪ್ರಾಯ. ಅವರ ಮಕ್ಕಳಿಗೆ ಅವರ ಭಾಷೆಯಲ್ಲೇ ಧರ್ಮೋಪದೇಶ ನಡೆಯಲಿ, ಕಾಯಿಲೆಯಾದವರನ್ನು ಆಸ್ಪತ್ರೆಗೆ ಕರೆದೊಯ್ಯಲು ನಮ್ಮ ಯುವಕರಿಬ್ಬರು ಸರದಿಯಂತೆ ಸಿದ್ಧರಿರಲಿ. ಸಮಿತಿಯಲ್ಲಿ ಕೆಲವರು ಅದೇ ಹಣದಲ್ಲಿ ಮುಂಭಾಗಕ್ಕೆ ಶತಮಾನದ ಕಮಾನು ಕಟ್ಟಿಸಬೇಕೆನ್ನುತ್ತಾರೆ. ಅವರದು ಕೆಟ್ಟ ಆಸೆಯಲ್ಲ. ಹಿರಿಯರ ಹೆಸರು ಕಲ್ಲಿನಲ್ಲಿ ನಿಲ್ಲಬೇಕೆಂಬ ಪ್ರೀತಿ ಅದು. ಎರಡಕ್ಕೂ ಹಣ ಸಾಲದೆಂಬುದು ಖಜಾಂಚಿಯವರ ಲೆಕ್ಕದಿಂದ ಸ್ಪಷ್ಟವಾಗಿದೆ. ಗುರುವಿನ ಅಧಿಕಾರದಿಂದ ಇದನ್ನು ತೀರ್ಮಾನಿಸಲು ನಾವು ಬಯಸುವುದಿಲ್ಲ. ಬುಧವಾರ ಸಂಜೆ ಪೂಜೆಯ ನಂತರ ಎಲ್ಲ ಕುಟುಂಬಗಳ ಸಭೆ ಇದೆ. ಪೋರ್ಟಿಕೋದಲ್ಲಿ ನಿಲ್ಲುವವರ ಪರವಾಗಿ ಇಬ್ಬರನ್ನು ಆ ಸಭೆಗೆ ಕರೆದಿದ್ದೇವೆ, ಹಿಂದಿ ಬಲ್ಲ ಸಿಸ್ಟರೊಬ್ಬರು ಅವರ ಮಾತನ್ನು ತಿಳಿಸಿಕೊಡುತ್ತಾರೆ. ಅದಕ್ಕೆ ಮೊದಲು ಆ ಕೊಠಡಿಯನ್ನು ಒಮ್ಮೆ ನೋಡಬಯಸುವವರಿಗೆ ಕೀಲಿಕೈ ಉಪದೇಶಿಯವರ ಬಳಿ ಇದೆ.