ಮೂಗಿಗಿಂತ ಮೂಗುತಿ ಭಾರ

ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ನಮ್ಮಲ್ಲಿ ಬಹಳ ಹಳೆಯದು. ಇಪ್ಪತ್ತು ರೂಪಾಯಿನ ಪದಾರ್ಥವೊಂದನ್ನು ಹೊರಗಿನಿಂದ ತರಿಸಿ, ಅದರ ಸಾಗಣೆಗೆಂದು ಎಂಬತ್ತು ರೂಪಾಯಿ ತೆತ್ತವರಿಗೆ ಈ ಗಾದೆಯ ಅರ್ಥವನ್ನು ಯಾವ ಪಂಡಿತನೂ ಬಿಡಿಸಿ ಹೇಳಬೇಕಾದುದಿಲ್ಲ. ಕುಕ್ಕರಿನ ಗ್ಯಾಸ್ಕೆಟ್ಟು, ಮಿಕ್ಸಿಯ ಕಪ್ಲರು, ಹೊಲಿಗೆ ಯಂತ್ರದ ಬಾಬಿನ್ ಕೇಸು, ರೇಡಿಯೋದ ನಾಬು, ಇಂಥ ಪುಟ್ಟ ಬಿಡಿಭಾಗಗಳು ಊರಿನ ಅಂಗಡಿಯಲ್ಲಿ ಸಿಕ್ಕದೆ ಹೋದಾಗ ಅಂಚೆಯಲ್ಲೋ ಕೊರಿಯರಿನಲ್ಲೋ ತರಿಸುವುದು ಈಗ ಎಲ್ಲ ಮನೆಗಳಲ್ಲಿಯೂ ವಾಡಿಕೆಯಾಗಿದೆ. ಬಿಲ್ಲು ಕೈಗೆ ಬಂದಾಗ ಮಾತ್ರ ಮನಸ್ಸು ಕಹಿಯಾಗುತ್ತದೆ.

ಇದು ಸಣ್ಣ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. ಸಾಗಣೆಯ ದರಕ್ಕೆ ಹೆದರಿ ಬಿಡಿಭಾಗವನ್ನು ತರಿಸದೆ ಬಿಟ್ಟರೆ, ಚೆನ್ನಾಗಿರುವ ಯಂತ್ರ ಗುಜರಿಯವನ ಗಾಡಿ ಸೇರುತ್ತದೆ. ಅದನ್ನು ರಿಪೇರಿ ಮಾಡಿ ಹೊಟ್ಟೆ ಹೊರೆಯುತ್ತಿದ್ದ ನಮ್ಮ ಬೀದಿಯ ಕೆಲಸಗಾರನಿಗೂ ಕೆಲಸ ತಪ್ಪುತ್ತದೆ. ಆದುದರಿಂದ ಈ ಎಂಬತ್ತು ರೂಪಾಯಿ ಏತಕ್ಕಾಗಿ ಎಂಬುದನ್ನು ವಿಚಾರಮಾಡಿ ತಿಳಿಯುವುದು ಒಳ್ಳೆಯದು.

ಚಿಕ್ಕಬಳ್ಳಾಪುರಕ್ಕೂ ಬೆಂಗಳೂರಿಗೂ ಸುಮಾರು 60 ಕಿಲೋಮೀಟರು ದೂರ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ದೊರೆಯದ ಬಿಡಿಭಾಗ ಅಪರೂಪ. ಇಷ್ಟು ಹತ್ತಿರದಿಂದ ಬರುವ ವಸ್ತುವಿಗೂ ದಿಲ್ಲಿಯಿಂದ ಬರುವ ವಸ್ತುವಿಗೂ ದೂರದಲ್ಲಿ ಅಜಗಜಾಂತರವಿದ್ದರೂ ದರದಲ್ಲಿ ಅಷ್ಟು ಅಂತರವಿರುವುದಿಲ್ಲ. ಇದೇನು ನ್ಯಾಯ ಎಂದು ನಾವು ಕೇಳುತ್ತೇವೆ.

ಈ ಪ್ರಶ್ನೆಗೆ ಉತ್ತರ ಹೇಳಿದವನು ಇಂಗ್ಲೆಂಡಿನ ರೋಲೆಂಡ್ ಹಿಲ್. 1837ರಲ್ಲಿ ಅಂಚೆಯ ಸುಧಾರಣೆಯನ್ನು ಕುರಿತು ಅವನೊಂದು ಪುಸ್ತಿಕೆಯನ್ನು ಪ್ರಕಟಿಸಿದನು. ಆಗ ಕಾಗದದ ದರವನ್ನು ದೂರ ನೋಡಿ ಗೊತ್ತುಮಾಡುತ್ತಿದ್ದರು. ಲಂಡನ್ನಿನಿಂದ ಎಡಿನ್‌ಬರೋಗೆ ಒಂದು ಕಾಗದವನ್ನು ಒಯ್ಯಲು ನಿಜವಾಗಿ ಎಷ್ಟು ವೆಚ್ಚವಾಗುತ್ತದೆಂದು ಹಿಲ್ ಲೆಕ್ಕ ಹಾಕಿದನು. ಒಂದು ಪೆನ್ನಿಯ 36ರಲ್ಲಿ ಒಂದು ಪಾಲು ಎಂದು ಲೆಕ್ಕ ಬಂದಿತು! ಖರ್ಚೆಲ್ಲ ದಾರಿಯಲ್ಲಿ ಅಲ್ಲ, ಎರಡು ತುದಿಗಳಲ್ಲಿ ಎಂಬುದು ಅವನು ಕಂಡ ಸತ್ಯ. ಕಾಗದವನ್ನು ತೆಗೆದುಕೊಳ್ಳುವುದು, ದರ ಬರೆಯುವುದು, ವಿಂಗಡಿಸುವುದು, ಮನೆ ಹುಡುಕಿ ಕೊಡುವುದು, ಇವೇ ದುಬಾರಿಯ ಕೆಲಸಗಳು. 1840ರಲ್ಲಿ ಇಂಗ್ಲೆಂಡಿನಲ್ಲಿ ದೂರವನ್ನು ಲೆಕ್ಕಿಸದೆ ಒಂದು ಪೆನ್ನಿಯ ಅಂಚೆ ಬಂದಿತು. ನಮ್ಮ ದೇಶದಲ್ಲಿ 1854ರಲ್ಲಿ ಕಾಲು ತೊಲ ತೂಕದ ಕಾಗದಕ್ಕೆ ಎಲ್ಲಿಂದೆಲ್ಲಿಗಾದರೂ ಅರ್ಧ ಆಣೆ ಎಂದಾಯಿತು.

ಅಂಚೆ ಎಂಬ ಶಬ್ದಕ್ಕೆ ಹಳಗನ್ನಡದಲ್ಲಿ ಹಂಸ ಎಂಬ ಅರ್ಥವೂ ಉಂಟು. ನಳನಿಗೂ ದಮಯಂತಿಗೂ ನಡುವೆ ಹಾರಾಡಿದ ಹಂಸ ಬರಿಯ ಮಾತನ್ನು ಹೊತ್ತಿತು. ಮಾತಿಗೆ ತೂಕವಿಲ್ಲ, ಪೆಟ್ಟಿಗೆಯೂ ಬೇಡ. ದಮಯಂತಿ ತನ್ನ ಮೂಗುತಿಯ ತಿರುಪನ್ನು ತರಲು ಹೇಳಿದ್ದರೆ ಆ ಹಂಸವೂ ಕೂಲಿ ಕೇಳುತ್ತಿತ್ತೇನೋ!

ಹಿಲ್ ಹೇಳಿದ ಮಾತು ಇಂದಿನ ಪಾರ್ಸೆಲಿಗೂ ಸಲ್ಲುತ್ತದೆ. ತಿರುಪು ಒಂದಿರಲಿ, ಐದಿರಲಿ, ಅಂಗಡಿಯವನು ಅದನ್ನು ಹುಡುಕಿ, ಕಟ್ಟಿ, ವಿಳಾಸ ಅಂಟಿಸಬೇಕು. ಒಬ್ಬ ಹುಡುಗ ಬಿಸಿಲಿನಲ್ಲಿ ನಿಮ್ಮ ಬಾಗಿಲಿಗೆ ಬರಬೇಕು. ನಾವು ಹಣ ಕೊಡುವುದು ದಾರಿಗಲ್ಲ, ಇಷ್ಟು ಜನರ ಕೈಗಳಿಗೆ. ಇಪ್ಪತ್ತು ರೂಪಾಯಿನ ಐದು ಭಾಗಗಳನ್ನು ಐದು ಸಲ ತರಿಸಿ, ಪ್ರತಿಸಲವೂ ಎಂಬತ್ತು ರೂಪಾಯಿ ಸಾಗಣೆ ತೆತ್ತರೆ ಒಟ್ಟು 500 ರೂಪಾಯಿ. ಒಂದೇ ಕಟ್ಟಿನಲ್ಲಿ ತರಿಸಿದರೆ, ತೂಕ ಅದೇ ದರದೊಳಗೆ ಇರುವವರೆಗೆ, 180 ರೂಪಾಯಿ. ಉಳಿದ 320 ರೂಪಾಯಿ ಯಾರನ್ನೂ ವಂಚಿಸಿ ಉಳಿಸಿದ್ದಲ್ಲ. ನಾಲ್ಕು ಸಲದ ದಂಡ ದುಡಿಮೆಯನ್ನು ತಪ್ಪಿಸಿ ಉಳಿಸಿದ್ದು.

ಇನ್ನು ಕಟ್ಟುವ ರೀತಿಯ ವಿಚಾರ. ಐವತ್ತು ಗ್ರಾಮಿನ ವಸ್ತು ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಗಾಳಿ ತುಂಬಿದ ಚೀಲಗಳ ನಡುವೆ ಬರುವುದನ್ನು ನೀವೆಲ್ಲರೂ ಕಂಡಿರಬಹುದು. ಆ ಗಾಳಿಗೂ ಬಾಡಿಗೆ ಉಂಟೆಂಬುದು ಬಹಳ ಜನಕ್ಕೆ ತಿಳಿಯದು. ಪೆಟ್ಟಿಗೆ ಹಗುರವಾದರೂ ಗಾಡಿಯಲ್ಲಿ ಜಾಗ ಹಿಡಿಯುತ್ತದಷ್ಟೆ. ಆದುದರಿಂದ ಅನೇಕ ಕೊರಿಯರು ಕಂಪನಿಗಳು ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಅಳೆದು, ಗುಣಿಸಿ, 5000ದಿಂದ ಭಾಗಿಸುತ್ತವೆ. ಬಂದದ್ದು ಅಷ್ಟು ಕಿಲೋಗ್ರಾಮು. ನಿಜವಾದ ತೂಕ, ಈ ಲೆಕ್ಕದ ತೂಕ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. 20 ಸೆಂಟಿಮೀಟರು ಉದ್ದ, 15 ಅಗಲ, 10 ಎತ್ತರದ ಪೆಟ್ಟಿಗೆಯನ್ನು ತೆಗೆದುಕೊಳ್ಳಿ. ಗುಣಿಸಿದರೆ 3000, ಭಾಗಿಸಿದರೆ 600 ಗ್ರಾಮು. ಒಳಗಿರುವುದು 50 ಗ್ರಾಮು! ದರವನ್ನು ಅರ್ಧ ಕಿಲೋಗ್ರಾಮಿನ ಮೆಟ್ಟಿಲುಗಳಲ್ಲಿ ಏರಿಸುವ ಕಡೆ ಈ 600 ಗ್ರಾಮು ಒಂದು ಕಿಲೋಗ್ರಾಮಿನ ಬೆಲೆಗೆ ಹೋಗುತ್ತದೆ. ಅದೇ ವಸ್ತುವನ್ನು 15, 10, 5 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿಟ್ಟರೆ ಲೆಕ್ಕದ ತೂಕ 150 ಗ್ರಾಮು ಮಾತ್ರ.

ಹಾಗಾದರೆ ಎಲ್ಲವನ್ನೂ ತೆಳುವಾದ ಲಕೋಟೆಯಲ್ಲಿ ಕಳಿಸಿಬಿಡಲೆ? ಅದೂ ತಪ್ಪು. ವಸ್ತುವಿನ ಸ್ವಭಾವವನ್ನು ನೋಡಬೇಕು. ನಟ್ಟು, ತಿರುಪುಗಳು ಒಡೆಯುವುದಿಲ್ಲ. ಆದರೆ ಬಿಡಿಯಾಗಿ ಹಾಕಿದರೆ ಒಂದು ಮೂಲೆಗೆ ಸೇರಿ ಕಾಗದವನ್ನು ಹರಿದು ಹೊರಬೀಳುತ್ತವೆ. ಅವನ್ನು ರಟ್ಟಿನ ತುಂಡಿನ ಮೇಲೆ ಹರಡಿ ಅಂಟುಪಟ್ಟಿ ಹಾಕಿದರೆ ಸಾಕು. ಹಾರ್ಮೋನಿಯಮ್ಮಿನ ಹಿತ್ತಾಳೆ ರೀಡು, ತೆಳುವಾದ ಸ್ಪ್ರಿಂಗು ಮೊದಲಾದುವು ಬಾಗುತ್ತವೆ. ಅವಕ್ಕೆ ಎರಡು ಗಟ್ಟಿ ರಟ್ಟುಗಳ ನಡುವೆ ಆಸರೆ ಬೇಕು. ಉಕ್ಕಿನ ಬೇರಿಂಗಿಗೆ ತುಕ್ಕು ಶತ್ರು. ಅದಕ್ಕೆ ಎಣ್ಣೆ ಸವರಿದ ಕಾಗದ ಬೇಕು. ರೇಡಿಯೋದ ಐ.ಸಿ. ಮುಂತಾದುವಕ್ಕೆ ಪೆಟ್ಟಿನ ಭಯಕ್ಕಿಂತ ಸ್ಥಿರ ವಿದ್ಯುತ್ತಿನ ಭಯ ಹೆಚ್ಚು. ಮಾಮೂಲಿ ಪ್ಲಾಸ್ಟಿಕ್ ಚೀಲದ ಉಜ್ಜಾಟದಲ್ಲಿ ಹುಟ್ಟುವ ವಿದ್ಯುತ್ತು ಅವುಗಳಲ್ಲಿ ಕೆಲವನ್ನು ಕಣ್ಣಿಗೆ ಕಾಣದಂತೆ ಕೆಡಿಸಿಬಿಡಬಲ್ಲದು. ಅದಕ್ಕೆಂದೇ ಬೆಳ್ಳಿಯ ಬಣ್ಣದ ಬೇರೆ ಚೀಲಗಳಿವೆ. ಕಟ್ಟನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ. ಒಳಗೆ ಸದ್ದಾದರೆ ಕಟ್ಟಿದ್ದು ಸರಿಯಿಲ್ಲ.

ಒಡೆಯುವ ವಸ್ತುವಿಗೆ ಶಿಡ್ಲಘಟ್ಟದಿಂದ ಒಂದು ದೃಷ್ಟಾಂತ ಕೊಡುತ್ತೇನೆ. ಅಲ್ಲಿ ರೇಷ್ಮೆ ನೂಲು ಬಿಚ್ಚುವ ಘಟಕಗಳಲ್ಲಿ ಬಿಸಿನೀರಿನಲ್ಲಿರುವ ಹಲವು ಗೂಡುಗಳ ಎಳೆಗಳನ್ನು ಸೇರಿಸಿ, ಪಿಂಗಾಣಿಯ ಪುಟ್ಟ ಬಿಲ್ಲೆಯ ನಡುವಿನ ಸೂಕ್ಷ್ಮ ರಂಧ್ರದಲ್ಲಿ ಹಾಯಿಸುತ್ತಾರೆ. ಕಸರು ಅಲ್ಲಿ ನಿಲ್ಲುತ್ತದೆ, ನೂಲು ನುಣುಪಾಗಿ ಮೇಲೇರುತ್ತದೆ. ರಂಧ್ರದ ಅಂಚು ಚೂರು ಮುಕ್ಕಾದರೂ ಎಳೆ ಕಡಿಯುತ್ತದೆ. ಇಂಥ ಬಿಲ್ಲೆಗಳನ್ನು ಒಬ್ಬ ರೀಲರು ಹೊರಗಿನಿಂದ ತರಿಸಿದನೆಂದು ಇಟ್ಟುಕೊಳ್ಳಿ. ಹತ್ತು ರೂಪಾಯಿ ಉಳಿಸಲೆಂದು ಅವನ್ನು ಒಂದರ ಮೇಲೊಂದು ಬೀಳುವಂತೆ ಲಕೋಟೆಯಲ್ಲಿ ತುಂಬಿ ಕಳಿಸಿದರೆ ಬರುವುದು ಬಿಲ್ಲೆಯಲ್ಲ, ಬೋಕಿ. ಆಮೇಲೆ ಮತ್ತೆ ಬರೆಯಬೇಕು, ಮತ್ತೆ ಕಾಯಬೇಕು. ಅಷ್ಟು ದಿನ ಕೆಲಸದವರು ಕೈಕಟ್ಟಿ ಕೂರಬೇಕು. ಮಾರುಕಟ್ಟೆಯಲ್ಲಿ ಕೊಂಡ ಗೂಡು ಕಾಯುವುದಿಲ್ಲ. ಹೊತ್ತಿಗೆ ಸರಿಯಾಗಿ ಒಣಗಿಸದಿದ್ದರೆ ಚಿಟ್ಟೆ ಅದನ್ನು ತೂತುಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ಉದ್ದನೆಯ ಎಳೆ ಬಾರದು. ಇಲ್ಲಿ ಬಿಲ್ಲೆಯ ಬೆಲೆ, ಸಾಗಣೆಯ ಬೆಲೆ ಎರಡೂ ಅಲ್ಪ. ನಿಂತುಹೋದ ಕೆಲಸದ ಬೆಲೆಯೇ ದೊಡ್ಡದು.

ಆದುದರಿಂದ ಸಾಗಣೆಯ ದರವನ್ನು ಬಿಡಿಭಾಗದ ಬೆಲೆಯೊಡನೆ ತೂಗಿ ನೋಡುವುದು ಸರಿಯಾದ ತಕ್ಕಡಿಯಲ್ಲ. ಆ ಭಾಗವಿಲ್ಲದೆ ನಿಂತ ಯಂತ್ರದೊಡನೆ, ಹೋಗುವ ದಿನದ ಕೂಲಿಯೊಡನೆ, ಹೊಸ ಯಂತ್ರದ ಬೆಲೆಯೊಡನೆ ತೂಗಬೇಕು. ಆಗ ಕೆಲವು ಸಲ ಎಂಬತ್ತು ರೂಪಾಯಿಯೂ ಅಗ್ಗವೆನಿಸುತ್ತದೆ.

ಬಳಸುವವರು ಮಾಡಬಹುದಾದ ಕೆಲಸಗಳೂ ಉಂಟು. ಮೊದಲನೆಯದಾಗಿ, ಬರೆಯುವ ಮುನ್ನ ಅಳೆಯಿರಿ. ಮನೆಯ ಹೊಲಿಗೆ ಯಂತ್ರದ ಸೂಜಿಯ ಬುಡದ ಒಂದು ಪಕ್ಕ ಚಪ್ಪಟೆಯಾಗಿರುತ್ತದೆ; ಕಾರ್ಖಾನೆಯ ಯಂತ್ರಗಳ ಅನೇಕ ಸೂಜಿಗಳ ಬುಡ ಗುಂಡಗಿರುತ್ತದೆ. ಐದು ಲೀಟರಿನ ಕುಕ್ಕರಿನ ಗ್ಯಾಸ್ಕೆಟ್ಟು ಮೂರು ಲೀಟರಿನದಕ್ಕೆ ಕೂರದೆ ಹೋಗಬಹುದು. ತಪ್ಪಿ ಬಂದದ್ದನ್ನು ಹಿಂದಕ್ಕೆ ಕಳಿಸಿ ಬೇರೆಯದನ್ನು ತರಿಸಿದರೆ ಒಂದು ಸಾಗಣೆ ಮೂರಾಗುತ್ತದೆ. ಹಳೆಯ ಭಾಗದ ಮೇಲಿನ ನಂಬರನ್ನು ಬರೆದುಕೊಳ್ಳಿ. ಅದನ್ನು ಅಳತೆಪಟ್ಟಿಯ ಪಕ್ಕದಲ್ಲಿಟ್ಟು ತೆಗೆದ ಫೋಟೋ ಕಳಿಸಿ.

ಎರಡನೆಯದಾಗಿ, ಪಿನ್ ಕೋಡನ್ನು ಸರಿಯಾಗಿ ಬರೆಯಿರಿ. 1972ರ ಆಗಸ್ಟ್ 15ರಂದು ಬಂದ ಈ ಆರು ಅಂಕಿಗಳಲ್ಲಿ ಮೊದಲ ಮೂರು, ಕಟ್ಟನ್ನು ಎಲ್ಲಿ ವಿಂಗಡಿಸಬೇಕೆಂಬುದನ್ನು ಹೇಳುತ್ತವೆ. ಚಿಕ್ಕಬಳ್ಳಾಪುರದ್ದು 562101, ಚಿಂತಾಮಣಿಯದು 563125. ಜಿಲ್ಲೆ ಒಂದೇ, ವಿಂಗಡಣೆ ಬೇರೆ.

ಮೂರನೆಯದಾಗಿ, 'ಸಾಗಣೆ ಉಚಿತ' ಎಂಬ ಮಾತಿಗೆ ಮರುಳಾಗಬೇಡಿ. ಎಂಬತ್ತು ರೂಪಾಯಿ ತಪ್ಪಿಸಲು ಬೇಡದ ಐನೂರರ ಸಾಮಾನು ಕೊಂಡರೆ ಅದು ಉಳಿತಾಯವಲ್ಲ. ಹಾಗೆಯೇ, ಬಂದ ಕಟ್ಟನ್ನು ಸುಮ್ಮನೆ ತಿರಸ್ಕರಿಸಬೇಡಿ. 1877ರಲ್ಲಿ ನಮ್ಮ ದೇಶದಲ್ಲಿ ವಿ.ಪಿ. ಅಂಚೆ ಬಂದ ಮೇಲೆ ಎಷ್ಟೋ ಕನ್ನಡ ಪುಸ್ತಕಗಳು ಅದರ ಮೂಲಕವೇ ಓದುಗರ ಮನೆ ಸೇರಿದುವು. ತರಿಸಿದವರು ಬೇಡವೆಂದರೆ ಹೋಗುವ ಖರ್ಚು, ಬರುವ ಖರ್ಚು ಎರಡೂ ಕಳಿಸಿದವನ ತಲೆಗೆ. ಇಂದು ಮನೆ ಬಾಗಿಲಲ್ಲಿ ಹಣ ಕೊಡುವ ಪದ್ಧತಿಯಲ್ಲಿಯೂ ಹಾಗೆಯೇ. ಆ ನಷ್ಟ ಮುಂದೆ ಎಲ್ಲರ ಬೆಲೆಯಲ್ಲಿ ಸೇರಿಕೊಳ್ಳುತ್ತದೆ.

ಕೊನೆಯದಾಗಿ, ಕೂಡಿ ತರಿಸಿ. ಬೀದಿಯ ನಾಲ್ಕು ಜನ ದರ್ಜಿಗಳು ತಿಂಗಳಿಗೊಮ್ಮೆ ಪಟ್ಟಿ ಮಾಡಬಹುದು. ಮಿಕ್ಸಿ ರಿಪೇರಿಯವನಿಗೆ ಮುಂಗಡ ಕೊಟ್ಟರೆ ಹತ್ತು ಮನೆಯ ಕಪ್ಲರುಗಳನ್ನು ಅವನೇ ತರಿಸಿಯಾನು. ಬಸ್ಸಿನಲ್ಲಿ ಕಟ್ಟು ಕಳಿಸುವ ಅನುಕೂಲವೂ ಉಂಟು, ಕೆ.ಎಸ್.ಆರ್.ಟಿ.ಸಿ.ಯವರು 2021ರಲ್ಲಿ 'ನಮ್ಮ ಕಾರ್ಗೋ' ಎಂಬ ಸೇವೆಯನ್ನು ಆರಂಭಿಸಿದರು. ಎಲ್ಲಿ ಒಂದು ಕೈಯ ಕೆಲಸವನ್ನು ನಾವೇ ಮಾಡಿಕೊಳ್ಳುತ್ತೇವೆಯೋ ಅಲ್ಲಿ ಅಷ್ಟು ದರ ಇಳಿಯಲು ಅವಕಾಶವುಂಟು.

ಮೂಗುತಿಯ ಭಾರವನ್ನು ಪೂರ್ತಿಯಾಗಿ ಇಲ್ಲದಂತೆ ಮಾಡಲಾಗದು. ಅದನ್ನು ನಾಲ್ಕು ಮನೆಯವರು ಹಂಚಿಕೊಂಡರೆ ಯಾರ ಮೂಗೂ ನೋಯುವುದಿಲ್ಲ. ನಿಂತ ಯಂತ್ರವೂ ನಡೆಯುತ್ತದೆ.