ಮೆತ್ತಗಾದ ಬ್ರೇಕು

ಬೇಸಗೆ ಬಂತೆಂದರೆ ವೈಟ್‌ಫೀಲ್ಡ್, ವರ್ತೂರುಗಳ ಕಡೆ ನೀರಿನ ತೊಟ್ಟಿಯನ್ನು ಎಳೆದು ತರುವ ಟ್ರ್ಯಾಕ್ಟರುಗಳನ್ನು ನೀವೆಲ್ಲ ನೋಡಿದ್ದೀರಿ. 2024ರಲ್ಲಿ ಕೊಳವೆಬಾವಿಗಳು ಬತ್ತಿದಾಗ ಎಷ್ಟೋ ಮನೆಗಳಿಗೆ ಟ್ಯಾಂಕರಿನ ನೀರೇ ಗತಿಯಾಯಿತು. ಹೊಲ ಉಳುವ ಯಂತ್ರ ಹೀಗೆ ಮಕ್ಕಳು ಓಡಾಡುವ ಬೀದಿಗೆ ಬಂದಿದೆ. 5,000 ಲೀಟರು ನೀರೆಂದರೆ 5 ಟನ್ನು ಭಾರ. ತೊಟ್ಟಿಯ ತೂಕ ಬೇರೆ. ಇಂಥ ತೊಟ್ಟಿಗಳಲ್ಲಿ ಅನೇಕಕ್ಕೆ ಪ್ರತ್ಯೇಕ ಬ್ರೇಕಿಲ್ಲ. ಅಷ್ಟನ್ನೂ ಟ್ರ್ಯಾಕ್ಟರಿನ ಬ್ರೇಕೇ ತಡೆಯಬೇಕು.

ಹಳೆಯ ಟ್ರ್ಯಾಕ್ಟರುಗಳಲ್ಲಿ ಹಲವಕ್ಕೆ ಸರಳುಗಳಿಂದ ನಡೆಯುವ ಬ್ರೇಕು. ಕೆಲವಕ್ಕೆ ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಬ್ರೇಕು. ನಮ್ಮ ಮಾತು ಎರಡನೆಯದನ್ನು ಕುರಿತದ್ದು. ಮುಚ್ಚಿದ ಪಾತ್ರೆಯಲ್ಲಿನ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡ ಎಲ್ಲೆಡೆಗೂ ಸಮನಾಗಿ ಹರಡುವುದೆಂದು 17ನೆಯ ಶತಮಾನದಲ್ಲಿ ಫ್ರಾನ್ಸಿನ ಪ್ಯಾಸ್ಕಲ್ ತಿಳಿಸಿದನು. ಪೆಡಲು ತುಳಿದಾಗ ಮಾಸ್ಟರ್ ಸಿಲಿಂಡರಿನ ಎಣ್ಣೆ ಕೊಳವೆಯ ಮೂಲಕ ಚಕ್ರದ ಬ್ರೇಕನ್ನು ಒತ್ತುವುದು ಈ ನಿಯಮದಂತೆಯೇ. ದ್ರವ ಸುಲಭವಾಗಿ ಕುಗ್ಗದು, ಗಾಳಿ ಕುಗ್ಗುತ್ತದೆ. ಎಣ್ಣೆಯ ದಾರಿಯಲ್ಲಿ ಗಾಳಿ ಸೇರಿತೋ, ಕಾಲಿನ ಬಲವೆಲ್ಲ ಅದನ್ನು ಹಿಂಡುವುದರಲ್ಲೇ ಮುಗಿಯುತ್ತದೆ. ಪೆಡಲು ಹತ್ತಿಯ ಮೂಟೆ ತುಳಿದಂತೆ ಮೆತ್ತಗಾಗುವುದು ಇದರಿಂದಲೇ.

ನಾಲ್ಕು ಸಲ ತುಳಿದರೆ ಗಟ್ಟಿಯಾಗುತ್ತದಲ್ಲ ಎನ್ನುವವರುಂಟು. ಎದುರಿಗೆ ಮಗು ಅಡ್ಡ ಬಂದಾಗ ನಾಲ್ಕು ಸಲ ತುಳಿಯಲು ಹೊತ್ತೆಲ್ಲಿ?

ಎಣ್ಣೆ ಕಡಮೆಯಾಗಿದ್ದರೆ ಬರಿದೆ ತುಂಬಿಸಿ ಸುಮ್ಮನಾಗಬಾರದು. ಅದು ಹೋದ ದಾರಿಯನ್ನು ಮೊದಲು ಹುಡುಕಬೇಕು. ಕೊಳವೆಯ ಜೋಡಣೆಗಳನ್ನೂ ರಬ್ಬರು ಹೋಸನ್ನೂ ಚಕ್ರದ ಬಳಿಯನ್ನೂ ಪರೀಕ್ಷಿಸಿ. ಹೊರಗೆಲ್ಲೂ ಸೋರಿಕೆಯಿಲ್ಲದೆ, ಒತ್ತಿ ಹಿಡಿದ ಪೆಡಲು ಮೆಲ್ಲಗೆ ಇಳಿಯುತ್ತಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರು ಸೀಲು ಸವೆದಿರುವುದು ಹೆಚ್ಚು ಸಂಭವ. ದೋಷ ಸರಿಪಡಿಸಿದ ಮೇಲೆಯೇ ಗಾಳಿ ತೆಗೆಯುವ ಕೆಲಸ.

ಅದಕ್ಕೆ ಇಬ್ಬರು ಬೇಕು. ತೊಟ್ಟಿಯನ್ನು ಕಳಚಿ, ಟ್ರ್ಯಾಕ್ಟರನ್ನು ಮಟ್ಟ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಡಿ. ಚಕ್ರದ ಬಳಿಯ ನಿಪ್ಪಲಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಅದರ ತುದಿ ಸೀಸೆಯ ಎಣ್ಣೆಯಲ್ಲಿ ಮುಳುಗಿರಲಿ. ಒಬ್ಬರು ಪೆಡಲನ್ನು ನಿಧಾನವಾಗಿ ಒತ್ತಿ ಹಿಡಿಯಲಿ. ಇನ್ನೊಬ್ಬರು ನಿಪ್ಪಲನ್ನು ಅರ್ಧ ಸುತ್ತು ಸಡಿಲಿಸಿ, ಗುಳ್ಳೆ ಹೊರಟೊಡನೆ ಬಿಗಿಯಲಿ. ಬಿಗಿದ ಬಳಿಕವೇ ಕಾಲು ತೆಗೆಯಬೇಕು. ಮೊದಲೇ ತೆಗೆದರೆ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಂಡಂತೆ. ಗುಳ್ಳೆ ನಿಲ್ಲುವವರೆಗೂ ಹೀಗೆ ಮಾಡಿ. ನಡುವೆ ಮೇಲಿನ ಡಬ್ಬಿ ಬರಿದಾಗದಂತೆ ಎಣ್ಣೆ ಹಾಕುತ್ತಿರಿ. ಎರಡೂ ಚಕ್ರಗಳಿಗೆ ಇದೇ ಕ್ರಮ.

ಯಂತ್ರದ ಕೈಪಿಡಿ ಹೇಳಿದ ಎಣ್ಣೆಯನ್ನೇ ಹಾಕಬೇಕು. ಬೇರೆ ಜಾತಿಯದು ಬೆರೆತರೆ ಸೀಲುಗಳು ಉಬ್ಬಿ ಕೆಡುತ್ತವೆ. ಸಾಮಾನ್ಯ ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುವುದರಿಂದ ಹೊರಬಂದದ್ದನ್ನು ಮತ್ತೆ ಸುರಿಯಕೂಡದು. ಕೊನೆಗೆ ಎಡಬಲದ ಬ್ರೇಕುಗಳು ಸಮನಾಗಿ ಹಿಡಿಯುವುವೋ ಎಂದು ಖಾಲಿ ಟ್ರ್ಯಾಕ್ಟರನ್ನೇ ಮೆಲ್ಲಗೆ ಓಡಿಸಿ ನೋಡಬೇಕು. ರಸ್ತೆಗಿಳಿಯುವಾಗ ಎರಡು ಪೆಡಲುಗಳನ್ನೂ ಕೊಂಡಿಯಿಂದ ಸೇರಿಸಬೇಕು.

ಟ್ರ್ಯಾಕ್ಟರು ಇಲ್ಲದ ಗೃಹಸ್ಥರಿಗೂ ಇದರಲ್ಲಿ ಪಾಲುಂಟು. ‘ಬ್ರೇಕು ರಿಪೇರಿಗೆ ಬಿಟ್ಟಿದ್ದೇನೆ ಸ್ವಾಮಿ, ನಾಳೆ ತರುತ್ತೇನೆ’ ಎಂದು ನೀರಿನವನು ಹೇಳಿದರೆ ಅವನನ್ನು ಅವಸರಪಡಿಸಬೇಡಿ. ಒಂದು ದಿನ ನೀರನ್ನು ಹಿಡಿತದಲ್ಲಿ ಬಳಸುವುದು ನಮ್ಮಿಂದ ಆಗದ ಕೆಲಸವಲ್ಲ.